ವಾಣಿವಿಲಾಸ ಸಾಗರ ತುಂಬಿದ ಮೇಲೆ ಗಾಳಕ್ಕೆ ಮೀನು ಏಕೆ ಕಡಿಮೆಯಾಗಿದೆ?

ಹೊಸದುರ್ಗದ ಹವ್ಯಾಸಿ:

ಎಲ್ಲರಿಗೂ ನಮಸ್ಕಾರ. ನಾನು ಹೊಸದುರ್ಗ ತಾಲ್ಲೂಕಿನವನು. ವಾಣಿವಿಲಾಸ ಸಾಗರದ ಹಿನ್ನೀರು ನಮ್ಮ ಊರಿನ ಹೊಲಗಳ ಅಂಚಿನವರೆಗೂ ಬರುತ್ತದೆ. ಗಾಳ ಹಾಕುವುದನ್ನು ನಾನು ಕಲಿತದ್ದು ನಮ್ಮ ತಂದೆಯವರಿಂದ. ಅವರು ಬಿದಿರಿನ ಕೋಲಿಗೆ ದಾರ ಕಟ್ಟಿ, ಒಣಗಿದ ಜೋಳದ ದಂಟಿನ ತುಂಡನ್ನೇ ಬೆಂಡಾಗಿ ಮಾಡಿಕೊಂಡು, ತಿಪ್ಪೆಯಲ್ಲಿ ಅಗೆದು ತಂದ ಎರೆಹುಳುವನ್ನು ಚುಚ್ಚಿ ದಡದಲ್ಲಿ ಮಾತಿಲ್ಲದೆ ಗಂಟೆಗಟ್ಟಲೆ ಕೂರುತ್ತಿದ್ದರು. ನಾನು ಈಗ ರೀಲು ಇರುವ ಕೋಲನ್ನು ಬಳಸುತ್ತೇನೆ. ಉಳಿದದ್ದೆಲ್ಲ ಅವರು ಹೇಳಿಕೊಟ್ಟದ್ದೇ.

ವಿಷಯಕ್ಕೆ ಬರುತ್ತೇನೆ. 2016 ಮತ್ತು 2017ರ ಬರದಲ್ಲಿ ಜಲಾಶಯ ತಳ ಕಂಡಿದ್ದಾಗ, ಉಳಿದಿದ್ದ ನೀರಿನ ಅಂಚಿನಲ್ಲಿ ಕುಳಿತರೆ ಒಂದು ಬೆಳಗಿನಲ್ಲಿ ಏಳೆಂಟು ಮೀನುಗಳು ಸುಲಭವಾಗಿ ಸಿಗುತ್ತಿದ್ದವು. 2022ರ ಸೆಪ್ಟೆಂಬರಿನಲ್ಲಿ 89 ವರ್ಷಗಳ ನಂತರ ಕೋಡಿ ಬಿದ್ದಾಗ ಎಲ್ಲರಂತೆ ನಾನೂ ಮನೆಯವರನ್ನು ಕರೆದುಕೊಂಡು ಹೋಗಿ ನೋಡಿ ಬಂದೆ. ಇಷ್ಟು ನೀರು ಬಂದ ಮೇಲೆ ಮೀನಿಗೇನು ಕೊರತೆ ಎಂದುಕೊಂಡೆ. 2025ರ ಜನವರಿಯಲ್ಲಿ ಮತ್ತೊಮ್ಮೆ ಕೋಡಿ ಬಿದ್ದಿತು. ಆದರೆ ನನ್ನ ಅನುಭವ ತಿರುವುಮುರುವಾಗಿದೆ. ನಾನು ಕೂರುತ್ತಿದ್ದ ಬಂಡೆ ಈಗ ನೀರಿನ ಕೆಳಗಿದೆ, ಹೊಸ ದಡದಲ್ಲಿ ಮುಳುಗಿದ ಜಾಲಿ ಮರಗಳ ಕೊಂಬೆಗೆ ದಾರ ಸಿಕ್ಕಿಕೊಳ್ಳುತ್ತದೆ, ಬೆಳಗಿನಿಂದ ಮಧ್ಯಾಹ್ನದವರೆಗೆ ಕಾದರೂ ಅಂಗೈ ಅಗಲದ ಎರಡು ಜಿಲೇಬಿ ಮೀನು ಸಿಕ್ಕರೆ ಅದೇ ಹೆಚ್ಚು.

ಜಲಾಶಯದಲ್ಲಿ ಮೀನಿನ ಸಂತತಿ ನಿಜವಾಗಿಯೂ ಕಡಿಮೆಯಾಗಿದೆಯೇ, ಅಥವಾ ನಾನು ತಪ್ಪು ಜಾಗದಲ್ಲಿ ಕೂರುತ್ತಿದ್ದೇನೆಯೇ ಎಂಬುದನ್ನು ತಿಳಿದವರು ಹೇಳಬೇಕು. ಇನ್ನೊಂದು ಮಾತು: ಕಳೆದ ತಿಂಗಳು ಒಬ್ಬರು ಬಂದು ಇಲ್ಲಿ ಗಾಳ ಹಾಕಬಾರದು ಎಂದು ನನ್ನನ್ನು ಎಬ್ಬಿಸಿ ಕಳುಹಿಸಿದರು. ಗಾಳಕ್ಕೂ ಅನುಮತಿ ಬೇಕೇ?

ಮೀನುಮರಿ ಮೇಷ್ಟ್ರು:

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಮೀನುಮರಿ ಸಾಕುವ ಕೆಲಸದಲ್ಲಿ ಬಹಳ ವರ್ಷ ಇದ್ದವನಾದ್ದರಿಂದ ಸ್ವಲ್ಪ ದೀರ್ಘವಾಗಿಯೇ ಉತ್ತರಿಸುತ್ತೇನೆ.

ಮೊದಲನೆಯದಾಗಿ, ಬರದ ವರ್ಷದಲ್ಲಿ ನಿಮಗೆ ಏಳೆಂಟು ಮೀನು ಸಿಕ್ಕಿದ್ದು ಜಲಾಶಯದಲ್ಲಿ ಮೀನು ಹೆಚ್ಚಿದ್ದುದರಿಂದ ಅಲ್ಲ. ಪೂರ್ಣ ಮಟ್ಟವಾದ 130 ಅಡಿಯವರೆಗೆ ತುಂಬಿದರೆ 30 ಟಿಎಂಸಿ ನೀರು ಹಿಡಿಯುವ ಜಲಾಶಯ ಅದು. ಆ ವಿಸ್ತಾರದಲ್ಲಿ ಹರಡಿಕೊಂಡಿರಬೇಕಾದ ಮೀನುಗಳೆಲ್ಲ ಆಗ ತಳದ ಒಂದು ಹೊಂಡಕ್ಕೆ ಬಂದು ಸೇರಿದ್ದವು. ಸಂತೆಯ ದಿನ ಬಸ್ ನಿಲ್ದಾಣದಲ್ಲಿ ನಿಂತು ಊರಿನ ಜನಸಂಖ್ಯೆಯನ್ನು ಅಂದಾಜು ಮಾಡಿದ ಹಾಗೆ ಅದು. ಈಗ ನೀರು ಹತ್ತಾರು ಪಟ್ಟು ಹೆಚ್ಚಾಗಿದೆ. ಮೀನಿನ ಒಟ್ಟು ಸಂಖ್ಯೆ ಹೆಚ್ಚಿದ್ದರೂ ನಿಮ್ಮ ಗಾಳದ ಸುತ್ತಲಿನ ನೀರಿನಲ್ಲಿ ಇರುವ ಮೀನು ಕಡಿಮೆ.

ಎರಡನೆಯದಾಗಿ, ನೀರು ಏರಿದ್ದು ಮೀನಿಗೆ ಒಳ್ಳೆಯದನ್ನೇ ಮಾಡಿರುತ್ತದೆ. ವರ್ಷಗಟ್ಟಲೆ ಒಣಗಿ, ಹುಲ್ಲು ಮತ್ತು ಜಾಲಿ ಬೆಳೆದು, ದನಕರುಗಳು ಮೇಯ್ದು ಗೊಬ್ಬರ ಬಿದ್ದ ನೆಲ ಮುಳುಗಿದಾಗ ಆ ಹುಲ್ಲು, ಎಲೆ, ಸಗಣಿ ಕೊಳೆತು ನೀರಿಗೆ ಸಾರ ಬಿಡುತ್ತವೆ. ಆ ಸಾರದಿಂದ ಬರಿಗಣ್ಣಿಗೆ ಕಾಣದ ಪಾಚಿ, ಅದನ್ನು ತಿನ್ನುವ ಸೂಕ್ಷ್ಮ ಜೀವಿಗಳು, ಮುಳುಗಿದ ಕೊಂಬೆಗಳ ಮೇಲೆ ಹುಳುಗಳು ಹೇರಳವಾಗಿ ಬೆಳೆಯುತ್ತವೆ. ಮುಳುಗಿದ ನಂತರದ ಮೊದಲ ಕೆಲವು ವರ್ಷಗಳಲ್ಲಿ ಮೀನಿನ ಬೆಳವಣಿಗೆ ಚುರುಕಾಗಿರುವುದನ್ನು ಜಗತ್ತಿನ ಅನೇಕ ಜಲಾಶಯಗಳಲ್ಲಿ ಗಮನಿಸಿದ್ದಾರೆ. ಆ ಸಾರ ತೀರಿದಂತೆ ವೇಗ ಇಳಿಯುತ್ತದೆ. ನಿಮ್ಮ ದಾರವನ್ನು ಹಿಡಿದೆಳೆಯುವ ಆ ಜಾಲಿ ಕೊಂಬೆಗಳೇ ಈಗ ಮರಿಗಳಿಗೆ ಉಗ್ರಾಣವೂ ಹೌದು, ಬಚ್ಚಿಟ್ಟುಕೊಳ್ಳುವ ಗೂಡೂ ಹೌದು.

ಇನ್ನು ಯಾವ ಮೀನು ಎಂಬ ಮಾತು. ಕಾಟ್ಲಾ, ರೋಹು, ಮೃಗಾಲ್ ಮೂರೂ ಗಂಗಾ ಸೀಮೆಯ ನದಿ ಮೀನುಗಳು. ಮುಂಗಾರಿನ ಹೊಸ ನೀರು ರಭಸವಾಗಿ ಹರಿಯದೆ ಅವು ಮೊಟ್ಟೆಯಿಡುವುದಿಲ್ಲ, ನಿಂತ ನೀರಿನಲ್ಲಿ ಅವುಗಳ ಹೊಟ್ಟೆಯ ಮೊಟ್ಟೆ ಹಾಗೆಯೇ ಕರಗಿ ಹೋಗುತ್ತದೆ. 1957ರಲ್ಲಿ ಮೀನು ವಿಜ್ಞಾನಿ ಹೀರಾಲಾಲ್ ಚೌಧುರಿಯವರು ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯ ಸಾರವನ್ನು ಚುಚ್ಚಿ ಈ ಜಾತಿಯ ಮೀನುಗಳಿಂದ ಮೊಟ್ಟೆ ಇಡಿಸುವುದರಲ್ಲಿ ಯಶಸ್ವಿಯಾದ ಮೇಲೆಯೇ ನಮ್ಮ ಕೆರೆಗಳಿಗೆ ಬೇಕಾದಷ್ಟು ಮರಿ ಸಿಗುವಂತಾಯಿತು. ಆದ್ದರಿಂದ ನಿಮ್ಮ ಜಲಾಶಯದಲ್ಲಿರುವ ಕಾಟ್ಲಾದ ಸಂಖ್ಯೆ ಬಹುಮಟ್ಟಿಗೆ ಎಷ್ಟು ಮರಿ ಬಿತ್ತಿದರು, ಎಷ್ಟು ಉದ್ದದ ಮರಿ ಬಿತ್ತಿದರು ಎಂಬುದರ ಲೆಕ್ಕ. ಈ ಎರಡನೆಯದನ್ನು ಯಾರೂ ಕೇಳುವುದಿಲ್ಲ, ಅದೇ ನನಗೆ ಬೇಸರ. ನಾಲ್ಕು ಸೆಂಟಿಮೀಟರಿನ ಮರಿಯನ್ನು ದೊಡ್ಡ ಜಲಾಶಯಕ್ಕೆ ಬಿಟ್ಟರೆ ಅದು ಬಾಳೆ ಮೀನಿನ ಬಾಯಿಗೆ ಒಂದು ತುತ್ತು. ಹತ್ತು ಸೆಂಟಿಮೀಟರಿನವರೆಗೆ ಸಾಕಿ ಬಿಟ್ಟರೆ ಸಂಖ್ಯೆ ಕಡಿಮೆಯಾದರೂ ಉಳಿಯುವ ಮೀನು ಹೆಚ್ಚು. ಹಿಂದೊಮ್ಮೆ ಮರಿ ಬಿಟ್ಟ ದಿನವೇ ಸಂಜೆ ಅದೇ ದಡದಲ್ಲಿ ಹಿಡಿದ ಒಂದು ಬಾಳೆ ಮೀನಿನ ಹೊಟ್ಟೆ ಸೀಳಿ ನೋಡಿದೆ. ನಾವು ಬೆಳಿಗ್ಗೆ ಬಿಟ್ಟಿದ್ದ ಮರಿಗಳು ಬೆಳ್ಳಗೆ ಸಾಲಾಗಿ ಒತ್ತಿಕೊಂಡಿದ್ದವು. ಎಣಿಸಿದೆ, ಹದಿನೇಳು.

ಸಾಮಾನ್ಯ ಗೆಂಡೆ ಮತ್ತು ಜಿಲೇಬಿ ಮೀನಿಗೆ ಈ ತೊಂದರೆ ಇಲ್ಲ. ಗೆಂಡೆ ನಿಂತ ನೀರಿನ ಜೊಂಡಿಗೆ ಮೊಟ್ಟೆ ಅಂಟಿಸುತ್ತದೆ. ಜಿಲೇಬಿ ಮೀನು ಮೊಟ್ಟೆಯನ್ನು ಬಾಯಲ್ಲೇ ಇಟ್ಟುಕೊಂಡು ಕಾಯುತ್ತದೆ, ಅಂಗೈ ಅಗಲವಾಗುವ ಮೊದಲೇ ಮರಿ ಮಾಡುವ ವಯಸ್ಸಿಗೆ ಬರುತ್ತದೆ. ನಿಮಗೆ ಅದೇ ಸಿಗುತ್ತಿರುವುದರಲ್ಲಿ ಆಶ್ಚರ್ಯವಿಲ್ಲ, ಏಕೆಂದರೆ ದಡದ ತೆಳುನೀರಿನಲ್ಲಿ ಎರೆಹುಳುವಿಗೆ ಮೊದಲು ಬಾಯಿ ಹಾಕುವುದು ಅದೇ.

ಎಲ್ಲಿ ಕೂರಬೇಕು ಎಂದರೆ, ಅಣೆಕಟ್ಟೆಯ ಕಡೆ ಬೇಡ. ಅದು ಎರಡು ಗುಡ್ಡಗಳ ನಡುವಿನ ಮಾರಿ ಕಣಿವೆ. ದಡ ಕಡಿದಾಗಿ ಇಳಿಯುತ್ತದೆ, ಆಳದ ತಣ್ಣನೆಯ ನೀರಿನಲ್ಲಿ ಮೇವು ಕಡಿಮೆ. ನಿಮ್ಮ ಹೊಸದುರ್ಗದ ಕಡೆಯ ಹಿನ್ನೀರೇ ಸರಿಯಾದ ಜಾಗ, ಆದರೆ ಹಳೆಯ ಬಂಡೆಯ ಹತ್ತಿರವಲ್ಲ. ಹಳ್ಳವೊಂದು ಬಂದು ಸೇರುವ ಬಾಯಿ, ಮುಳುಗಿದ ಹೊಲದ ಬದು, ಜಾಲಿ ಸಾಲಿನ ಹೊರ ಅಂಚು ಇವುಗಳನ್ನು ಹುಡುಕಿ. ಕಾಟ್ಲಾ ಮೇಲ್ನೀರಿನಲ್ಲಿ ತೇಲುವ ಸೂಕ್ಷ್ಮ ಜೀವಿಗಳನ್ನು ಸೋಸಿ ತಿನ್ನುತ್ತದೆ, ಅದಕ್ಕೆ ಎರೆಹುಳು ಹಿಡಿಸುವುದಿಲ್ಲ. ಕಡಲೆಕಾಯಿ ಹಿಂಡಿಯನ್ನು ರಾಗಿ ಹಿಟ್ಟಿನೊಡನೆ ಸಡಿಲವಾಗಿ ಕಲಸಿ, ನೀರಿನಲ್ಲಿ ಬೇಗ ಕರಗಿ ಮೋಡದಂತೆ ಹರಡುವ ಉಂಡೆ ಮಾಡಿ, ಬೆಂಡನ್ನು ಮೂರು ನಾಲ್ಕು ಅಡಿಗೆ ಕಟ್ಟಬೇಕು. ರೋಹು ನಡುನೀರಿನದು. ಮೃಗಾಲ್ ಮತ್ತು ಗೆಂಡೆ ತಳವನ್ನು ಕೆದಕಿ ತಿನ್ನುತ್ತವೆ, ಅವಕ್ಕೆ ಗಟ್ಟಿ ಉಂಡೆ ಮಾಡಿ ಸೀಸದ ಗುಂಡು ಕಟ್ಟಿ ತಳಕ್ಕೆ ಇಳಿಸಬೇಕು.

ಸೂಳೆಕೆರೆ ದಡದವಳು:

ನಾನು ಚನ್ನಗಿರಿ ತಾಲ್ಲೂಕಿನವಳು. ನಮ್ಮದು ತಲೆಮಾರುಗಳಿಂದ ಸೂಳೆಕೆರೆಯಲ್ಲಿ ಬಲೆ ಹಾಕುವ ಗಂಗಾಮತಸ್ಥರ ಮನೆ. ಮೇಷ್ಟ್ರು ಹೇಳಿದ್ದೆಲ್ಲ ಸರಿಯಾಗಿದೆ. ಅನುಮತಿಯ ವಿಷಯವನ್ನು ಮಾತ್ರ ಅವರು ಬಿಟ್ಟಿರುವುದರಿಂದ ಅದನ್ನು ನಾನು ಬರೆಯುತ್ತೇನೆ.

ಅಣ್ಣಾ, ನಿಮ್ಮನ್ನು ಎಬ್ಬಿಸಿದವರು ಯಾರೆಂದು ನನಗೆ ಗೊತ್ತಿಲ್ಲ, ಅವರು ಒರಟಾಗಿ ಮಾತನಾಡಿದ್ದರೆ ಅದು ತಪ್ಪು. ಆದರೆ ಕೆರೆಯ ಮೀನು ಯಾರಿಗೂ ಸೇರದ ಮೀನಲ್ಲ ಎಂಬುದನ್ನು ತಿಳಿಯಬೇಕು. ನಮ್ಮ ರಾಜ್ಯದಲ್ಲಿ 1996ರ ಒಳನಾಡು ಮೀನುಗಾರಿಕೆ ಕಾಯ್ದೆ ಇದೆ. ಕೆರೆಗಳ ಮೀನು ಪಾಶುವಾರು ಹಕ್ಕನ್ನು, ಅಂದರೆ ಮೀನು ಹಿಡಿಯುವ ಹಕ್ಕನ್ನು, ಗುತ್ತಿಗೆಗೆ ಕೊಡುತ್ತಾರೆ, ಜಲಾಶಯಗಳಲ್ಲಿ ಪರವಾನಗಿ ಕೊಡುವ ಪದ್ಧತಿ ಇದೆ. ಗುತ್ತಿಗೆ ಹಿಡಿದ ಮೀನುಗಾರರ ಸಹಕಾರ ಸಂಘ ಹಣ ಕಟ್ಟಿ, ಮರಿ ಕೊಂಡು ತಂದು ಬಿತ್ತಿ, ವರ್ಷವಿಡೀ ಕಾಯ್ದಿರುತ್ತದೆ. ಒಬ್ಬರು ಭಾನುವಾರ ಬಂದು ಎರಡು ಮೀನು ಹಿಡಿದರೆ ಸಂಘ ಮುಳುಗುವುದಿಲ್ಲ ನಿಜ. ಆದರೆ ಮರಿ ಬಿತ್ತಿದ ನಂತರದ ತಿಂಗಳುಗಳಲ್ಲಿ ಗಾಳದವರು ಹತ್ತು ಹದಿನೈದು ಜನ ಸೇರಿ ಅಂಗೈಯಷ್ಟಿಲ್ಲದ ರೋಹುಗಳನ್ನು ಚೀಲ ತುಂಬಿಕೊಂಡು ಹೋಗುವುದನ್ನು ನಾವು ನೋಡಿದ್ದೇವೆ. ಕೋಲು ಬಿಚ್ಚುವ ಮೊದಲು ತಾಲ್ಲೂಕಿನ ಮೀನುಗಾರಿಕೆ ಕಚೇರಿಯಲ್ಲಿ ವಿಚಾರಿಸಿ, ಗುತ್ತಿಗೆದಾರರು ಇದ್ದರೆ ಅವರನ್ನೂ ಕಂಡು ಮಾತನಾಡಿ. ಕೇಳಿ ಬಂದವರಿಗೆ ನಮ್ಮ ದಡದಲ್ಲಿ ಸಾಮಾನ್ಯವಾಗಿ ಯಾರೂ ಬೇಡ ಎನ್ನುವುದಿಲ್ಲ, ತೆಪ್ಪದಲ್ಲಿ ಕೂರಿಸಿಕೊಂಡು ಹೋಗಿ ಜಾಗ ತೋರಿಸುವವರೂ ಇದ್ದಾರೆ.

ಸೂಳೆಕೆರೆಯ ಸ್ವಭಾವ ನಿಮ್ಮ ಜಲಾಶಯದ್ದಲ್ಲ. ಸುಮಾರು 27 ಚದರ ಕಿಲೋಮೀಟರ್ ಹರಡಿದ್ದರೂ ಆಳ ಕಡಿಮೆ, ಹೂಳು ಹೆಚ್ಚು. ಗಾಳಿ ಎದ್ದರೆ ತಳದ ಗೋಡುಮಣ್ಣು ಕಲಕಿ ನೀರು ಕೆಂಪಗಾಗುತ್ತದೆ. ಬಿಸಿಲು ತಳದ ಹತ್ತಿರದವರೆಗೂ ಇಳಿಯುವುದರಿಂದ ಇಂತಹ ಕೆರೆಯಲ್ಲಿ ಎಕರೆಗೆ ಸಿಗುವ ಮೀನು ಆಳದ ಜಲಾಶಯಕ್ಕಿಂತ ಹೆಚ್ಚು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ (ಎಫ್‌ಎಒ) 1995ರಲ್ಲಿ ಪ್ರಕಟಿಸಿದ ಭಾರತದ ಜಲಾಶಯಗಳ ವರದಿಯಲ್ಲಿ ಸಣ್ಣ ಜಲಾಶಯಗಳಿಂದ ವರ್ಷಕ್ಕೆ ಹೆಕ್ಟೇರಿಗೆ ಸುಮಾರು 50 ಕಿಲೋ, ದೊಡ್ಡವುಗಳಿಂದ ಸುಮಾರು 11 ಕಿಲೋ ಎಂದಿತ್ತು. ಸೂಳೆಕೆರೆ ಆ ಲೆಕ್ಕದಲ್ಲಿ ಸಣ್ಣದಲ್ಲ, ಆದರೆ ತೆಳುನೀರಿನ ಗುಣ ಅದಕ್ಕಿದೆ.

ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಕೊರಮೀನಿನ ವಿಷಯ. ಮಳೆಗಾಲದಲ್ಲಿ ಜೊಂಡಿನ ನಡುವೆ ನೀರಿನ ಮೇಲ್ಪದರದಲ್ಲಿ ಒಂದು ತಟ್ಟೆಯಗಲ ಕೆಂಪು ಕೆಂಪಾಗಿ ಕುದಿಯುವಂತೆ ಕಾಣುತ್ತದೆ. ಹತ್ತಿರ ಹೋಗಿ ನೋಡಿದರೆ ಅದು ನೂರಾರು ಮರಿಗಳ ಗುಂಪು, ಒಂದೊಂದೂ ಅಕ್ಕಿ ಕಾಳಿಗಿಂತ ಸ್ವಲ್ಪ ಉದ್ದ. ಎಲ್ಲವೂ ಒಟ್ಟಿಗೆ ಮೇಲೆ ಬಂದು ಗಾಳಿ ಗುಟುಕರಿಸಿ ಒಟ್ಟಿಗೆ ಕೆಳಗೆ ಹೋಗುತ್ತವೆ. ಅವುಗಳ ಕೆಳಗೇ ತಾಯಿ ತಂದೆ ಕಾವಲಿರುತ್ತವೆ. ಗಾಳದವರಿಗೆ ಇದು ಚೆನ್ನಾಗಿ ಗೊತ್ತು. ಆ ಕೆಂಪಿನ ಮೇಲೆ ಕಪ್ಪೆಯನ್ನೋ ರಬ್ಬರಿನ ಕಪ್ಪೆಯನ್ನೋ ಎಸೆದರೆ ಮರಿಗಳಿಗೆ ಅಪಾಯ ಬಂತೆಂದು ತಾಯಿ ಹಾರಿ ಬಂದು ಕಚ್ಚುತ್ತದೆ, ಹಸಿವಿನಿಂದಲ್ಲ. ಎರಡು ಕಿಲೋದ ಮೀನು ಸಿಕ್ಕಿತೆಂದು ಫೋಟೋ ತೆಗೆಸಿಕೊಳ್ಳುತ್ತಾರೆ. ಅರ್ಧ ಗಂಟೆಯಲ್ಲಿ ಆ ಮರಿಗಳನ್ನು ಬೇರೆ ಮೀನುಗಳು, ಕೊಕ್ಕರೆಗಳು ಮುಗಿಸಿಬಿಡುತ್ತವೆ. ಕಾಟ್ಲಾವನ್ನಾದರೆ ಮತ್ತೆ ಕೊಂಡು ತಂದು ಬಿತ್ತಬಹುದು. ಕೊರಮೀನು ನಮ್ಮ ಕೆರೆಯಲ್ಲಿ ತಾನಾಗಿ ಹುಟ್ಟಿ ಬೆಳೆಯುವ ಮೀನು. ಕೆಂಪು ಮರಿ ಕಂಡಲ್ಲಿ ದಯವಿಟ್ಟು ಗಾಳ ಎಸೆಯಬೇಡಿ.

ಡುಲೂತ್‌ನಿಂದ ದಾವಣಗೆರೆಯವ:

ನಾನು ಹುಟ್ಟಿ ಬೆಳೆದದ್ದು ದಾವಣಗೆರೆಯಲ್ಲಿ, ಈಗ ಇರುವುದು ಅಮೆರಿಕದ ಮಿನ್ನೆಸೋಟಾ ರಾಜ್ಯದ ಡುಲೂತ್‌ನಲ್ಲಿ, ಸುಪೀರಿಯರ್ ಸರೋವರದ ಪಶ್ಚಿಮ ತುದಿಯಲ್ಲಿ. ಚಿಕ್ಕಂದಿನಲ್ಲಿ ಮಾವನವರ ಜೊತೆ ಸೂಳೆಕೆರೆಯ ಏರಿಯ ಮೇಲೆ ನಡೆದವನು. ಅಕ್ಕ ಬರೆದ ಕೊರಮೀನಿನ ಕೆಂಪು ಮರಿಗಳನ್ನು ನಾನೂ ನೋಡಿದ್ದೇನೆ. ಏನೆಂದು ತಿಳಿದದ್ದು ಇಂದು.

ಮೀನು ಕಡಿಮೆಯಾಗಿದೆಯೇ ಎಂಬ ಪ್ರಶ್ನೆಯನ್ನು ಇಲ್ಲಿಯವರು ಹೇಗೆ ಬಿಡಿಸಿಕೊಳ್ಳುತ್ತಾರೆ ಎಂಬುದು ನಿಮಗೆ ಉಪಯೋಗವಾಗಬಹುದು. ಇದು 82,000 ಚದರ ಕಿಲೋಮೀಟರಿಗೂ ಹೆಚ್ಚು ವಿಸ್ತಾರದ, ನಾನೂರು ಮೀಟರಿಗೂ ಹೆಚ್ಚು ಆಳದ ತಣ್ಣೀರಿನ ಸರೋವರ. ಇಲ್ಲಿನ ದೊಡ್ಡ ಮೀನು ಲೇಕ್ ಟ್ರೌಟ್. ಸಮುದ್ರದ ಲ್ಯಾಂಪ್ರೆ ಎಂಬ, ದವಡೆಯಿಲ್ಲದ, ಹಾವಿನಾಕಾರದ, ಬೇರೆ ಮೀನಿನ ಮೈಗೆ ಕಚ್ಚಿಕೊಂಡು ರಕ್ತ ಹೀರುವ ಜೀವಿ ಕಾಲುವೆಗಳ ಮೂಲಕ ಒಳನುಗ್ಗಿ 1938ರಲ್ಲಿ ಈ ಸರೋವರದಲ್ಲಿ ಕಾಣಿಸಿಕೊಂಡಿತು. ಅದರ ಕಾಟಕ್ಕೆ ಅತಿಯಾದ ಬಲೆಗಾರಿಕೆಯೂ ಸೇರಿ 1950ರ ದಶಕದಲ್ಲಿ ಟ್ರೌಟ್ ಸಂತತಿ ಕುಸಿದುಬಿದ್ದಿತು. ಅಮೆರಿಕ ಮತ್ತು ಕೆನಡಾ ಕೂಡಿ 1955ರಲ್ಲಿ ಗ್ರೇಟ್ ಲೇಕ್ಸ್ ಮೀನುಗಾರಿಕೆ ಆಯೋಗವನ್ನು ಸ್ಥಾಪಿಸಿದವು. 1958ರಿಂದ ಲ್ಯಾಂಪ್ರೆಯ ಮರಿಗಳು ಬೆಳೆಯುವ ಹೊಳೆಗಳಿಗೆ ಆ ಮರಿಗಳನ್ನು ಕೊಲ್ಲುವ ಔಷಧಿ ಹಾಕುತ್ತಾ, ಟ್ರೌಟ್ ಮರಿಗಳನ್ನು ಬಿತ್ತುತ್ತಾ, ಹಿಡಿಯುವುದಕ್ಕೆ ಮಿತಿ ಹಾಕುತ್ತಾ ಬಂದು, 2024ರಲ್ಲಿ ಸರೋವರದ ಬಹುಪಾಲು ಕಡೆ ಟ್ರೌಟ್ ತಾನಾಗಿಯೇ ವಂಶ ಬೆಳೆಸಿಕೊಳ್ಳುವ ಸ್ಥಿತಿಗೆ ಮರಳಿದೆ ಎಂದು ಆಯೋಗ ಹೇಳಿತು. ಆರೇಳು ದಶಕಗಳ ಕೆಲಸ ಅದು.

ಗಾಳದವರ ಪಾತ್ರ ಅದರಲ್ಲಿ ದೊಡ್ಡದು. ದೋಣಿ ದಡಕ್ಕೆ ಬಂದಾಗ ಇಲಾಖೆಯವರು ಎಷ್ಟು ಗಂಟೆ ಗಾಳ ಹಾಕಿದಿರಿ, ಎಷ್ಟು ಮೀನು, ಎಷ್ಟು ಉದ್ದ ಎಂದು ಕೇಳಿ ಬರೆದುಕೊಳ್ಳುತ್ತಾರೆ. ಆದರೆ ಅದೊಂದನ್ನೇ ಅವರು ನಂಬುವುದಿಲ್ಲ. ಮೀನು ಕಡಿಮೆಯಾದಾಗ ಉಳಿದವು ಒಂದೆರಡು ಒಳ್ಳೆಯ ಜಾಗಗಳಲ್ಲಿ ಗುಂಪುಗೂಡುತ್ತವೆ. ಜಾಗ ಬಲ್ಲವರಿಗೆ ಗಂಟೆಗೆ ಸಿಗುವ ಮೀನು ಮೊದಲಿನಷ್ಟೇ ಇರುತ್ತದೆ. ನಿಮಗೆ 2017ರಲ್ಲಿ ಆದದ್ದು ಇದೇ. ಆದ್ದರಿಂದ ಅವರು ಬೇರೆ ಬೇರೆ ಗಾತ್ರದ ಕಣ್ಣುಗಳಿರುವ ಪರೀಕ್ಷಾ ಬಲೆಗಳನ್ನು ಪ್ರತಿ ವರ್ಷ ಅದೇ ಕಾಲದಲ್ಲಿ, ಅದೇ ಜಾಗಗಳಲ್ಲಿ ಒಂದು ರಾತ್ರಿ ಬಿಟ್ಟು ಎತ್ತುತ್ತಾರೆ. ಮೀನಿನ ಕಿವಿಯೊಳಗಿನ ಪುಟ್ಟ ಕಲ್ಲನ್ನು ತೆಗೆದು, ಮರದ ಕಾಂಡದಲ್ಲಿರುವಂತೆ ಅದರಲ್ಲಿ ಕಾಣುವ ಉಂಗುರಗಳನ್ನು ಎಣಿಸಿ ವಯಸ್ಸು ತಿಳಿಯುತ್ತಾರೆ. ಯಾವ ವರ್ಷದ ಮರಿ ಉಳಿಯಿತು, ಯಾವ ವರ್ಷದ್ದು ಹೋಯಿತು ಎಂಬುದು ಅದರಿಂದ ಗೊತ್ತಾಗುತ್ತದೆ.

ಹಾಗೆಂದು ಇಲ್ಲಿಯ ನಿಯಮವನ್ನು ಅಲ್ಲಿಗೆ ಹೊತ್ತು ತಂದರೆ ನಡೆಯುವುದಿಲ್ಲ. ಇಲ್ಲಿಯ ಟ್ರೌಟ್ ಮೊಟ್ಟೆಯಿಡಲು ಏಳೆಂಟು ವರ್ಷ ಬೇಕು, ನಮ್ಮ ಕಾಟ್ಲಾ ಎರಡನೆಯ ವರ್ಷದ ಹೊತ್ತಿಗೆ ಸಂತೆಗೆ ಬರುವಷ್ಟು ಬೆಳೆದಿರುತ್ತದೆ. ಹಿಡಿದು ಬಿಡುವ ಪದ್ಧತಿಯೂ ಹಾಗೆಯೇ. ತಣ್ಣೀರಿನಲ್ಲಿ ಹಿಡಿದು ಬಿಟ್ಟ ಮೀನು ಬದುಕುವ ಸಾಧ್ಯತೆ ಹೆಚ್ಚು. ನಮ್ಮ ಏಪ್ರಿಲ್ ಬಿಸಿಲಿನ ಬಿಸಿನೀರಿನಲ್ಲಿ ಆಮ್ಲಜನಕವೇ ಕಡಿಮೆ ಇರುವುದರಿಂದ, ದಣಿದ ಮೀನನ್ನು ಬಿಟ್ಟರೂ ಅದು ಸಾಯುವ ಸಂಭವವಿದೆ. ಸಣ್ಣ ಮೀನು ಸಿಕ್ಕಿದರೆ ಕೈ ಒದ್ದೆ ಮಾಡಿಕೊಂಡು, ನೀರಿನಿಂದ ಮೇಲೆತ್ತದೆ ಕೊಕ್ಕೆ ಬಿಡಿಸಿ. ಒಣ ಕೈಯಲ್ಲಿ ಹಿಡಿದರೆ ಮೈಮೇಲಿನ ಲೋಳೆ ಕಿತ್ತು ಬಂದು ಅದಕ್ಕೆ ಬೂಷ್ಟು ಹತ್ತುತ್ತದೆ.

ಹೊಸದುರ್ಗದ ಹವ್ಯಾಸಿ:

ಮೂವರಿಗೂ ನಾನು ಕೃತಜ್ಞ. ಮೇಷ್ಟ್ರು ಹೇಳಿದಂತೆ ಎರಡು ಭಾನುವಾರ ಮಾಡಿ ನೋಡಿದೆ. ಅದಕ್ಕೂ ಮೊದಲು ಕಚೇರಿಗೆ ಹೋಗಿ ವಿಚಾರಿಸಿ, ಅಲ್ಲಿ ಹೇಳಿದವರನ್ನು ಕಂಡು ಮಾತನಾಡಿದೆ. ಒಂದು ಕಿಲೋಗಿಂತ ಸಣ್ಣದನ್ನು ಒಯ್ಯಬೇಡಿ ಎಂದಷ್ಟೇ ಹೇಳಿದರು, ಒಪ್ಪಿಕೊಂಡೆ.

ಮೊದಲ ಭಾನುವಾರ ಏನೂ ಸಿಗಲಿಲ್ಲ. ಎರಡನೆಯ ವಾರ, ನಮ್ಮ ಊರಿನ ಹಳ್ಳ ಹಿನ್ನೀರಿಗೆ ಸೇರುವಲ್ಲಿ ಮುಳುಗಿರುವ ಹಳೆಯ ಬದುವಿನ ಗುಂಟ ಹಿಂಡಿಯ ಉಂಡೆ ಹಾಕಿ ಕುಳಿತೆ. ಬೆಳಿಗ್ಗೆ ಏಳರ ಹೊತ್ತಿಗೆ ಬೆಂಡು ಮುಳುಗಲಿಲ್ಲ, ನಿಧಾನವಾಗಿ ಪಕ್ಕಕ್ಕೆ ಜಾರತೊಡಗಿತು. ತಂದೆಯವರು ಹೇಳುತ್ತಿದ್ದದ್ದು ನೆನಪಾಯಿತು, ಸಣ್ಣ ಮೀನು ಬೆಂಡನ್ನು ಕುಟ್ಟುತ್ತದೆ, ದೊಡ್ಡದು ಕರೆದೊಯ್ಯುತ್ತದೆ ಎಂದು. ಮೂರು ಕಿಲೋ ಸಮೀಪದ ಕಾಟ್ಲಾ. ತಲೆ ದೊಡ್ಡದು, ಹೊಟ್ಟೆಯಲ್ಲಿ ಬೆಳ್ಳಗೆ ಕೊಬ್ಬು ತುಂಬಿತ್ತು. ಮೇವಿಗೆ ಕೊರತೆಯಿಲ್ಲದೆ ಬೆಳೆದ ಮೀನು ಎಂಬುದು ಕೊಯ್ಯುವಾಗಲೇ ತಿಳಿಯಿತು.

ಡುಲೂತ್‌ನವರ ಮಾತು ಕೇಳಿ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ದಿನಾಂಕ, ಕುಳಿತ ಗಂಟೆ, ಜಾಗ, ಮೀನಿನ ಜಾತಿ, ಉದ್ದ, ಇಷ್ಟನ್ನು ಬರೆಯುತ್ತೇನೆ, ಏನೂ ಸಿಗದ ದಿನವನ್ನೂ ಬಿಡುವುದಿಲ್ಲ. ಇದರಲ್ಲಿ ಇನ್ನೇನಾದರೂ ಸೇರಬೇಕೇ?

ಮೀನುಮರಿ ಮೇಷ್ಟ್ರು:

ಜಲಾಶಯದ ನೀರಿನ ಮಟ್ಟವನ್ನು ಆ ದಿನದ ಅಡಿ ಲೆಕ್ಕದಲ್ಲಿ ತಪ್ಪದೆ ಬರೆಯಿರಿ, ದಿನಪತ್ರಿಕೆಯಲ್ಲಿ ಸಿಗುತ್ತದೆ. ಅದಿಲ್ಲದೆ ಉಳಿದ ಅಂಕಿಗಳನ್ನು ಮುಂದಿನ ವರ್ಷದ ಅಂಕಿಗಳೊಡನೆ ಹೋಲಿಸಲು ಬರುವುದಿಲ್ಲ. ನಾಲ್ಕು ಮೀಸೆ ಜೋಡಿಗಳಿರುವ, ಚಪ್ಪಟೆ ತಲೆಯ, ಮೈಮೇಲೆ ಮಚ್ಚೆ ಮಚ್ಚೆಯಾದ ದೊಡ್ಡ ಮೀನು ಸಿಕ್ಕಿದರೆ ಅದು ಆಫ್ರಿಕನ್ ಕ್ಯಾಟ್‌ಫಿಶ್ ಇರಬಹುದು. ಅದನ್ನು ಸಾಕುವುದು ನಮ್ಮ ದೇಶದಲ್ಲಿ ನಿಷಿದ್ಧ, ಊರ ಮೀನುಗಳ ಮರಿಗಳನ್ನು ಅದು ಉಳಿಸುವುದಿಲ್ಲ. ಸಿಕ್ಕಿದರೆ ನೀರಿಗೆ ಬಿಡದೆ, ಫೋಟೋ ತೆಗೆದು ಕಚೇರಿಗೆ ತಿಳಿಸಿ, ನೋಟ್‌ಬುಕ್ಕಿನಲ್ಲಿ ಜಾಗವನ್ನು ಗುರುತು ಮಾಡಿಡಿ.

ಸೂಳೆಕೆರೆ ದಡದವಳು:

ಕೊರಮೀನಿನ ಮರಿ ಗುಂಪು ಕಂಡ ದಿನವನ್ನೂ ಬರೆಯಿರಿ ಅಣ್ಣಾ. ನಮ್ಮ ಕಡೆ ಜೂನ್ ಕೊನೆಯಿಂದ ಕಾಣುತ್ತವೆ, ನಿಮ್ಮ ಹಿನ್ನೀರಿನಲ್ಲಿ ಯಾವಾಗ ಎಂದು ತಿಳಿಯಬೇಕು. ನಾನೂ ಇಲ್ಲಿ ಈ ಮಳೆಗಾಲದಿಂದ ಬರೆದಿಡುತ್ತೇನೆ.